ಗುಂಡಿ ಅವರದು, ಬಿರುಕು ಇವರದು

ನಗರದ ನಡುವೆ ಬಹುಮಹಡಿ ಕಟ್ಟಡ ಏಳುವಾಗ ಪಕ್ಕದ ಹಳೆಯ ಅಂಗಡಿಗಳು ತೆರುವ ಬೆಲೆ ಯಾವ ನಕ್ಷೆಯಲ್ಲೂ ನಮೂದಾಗುವುದಿಲ್ಲ. ಪಾಯ ತೋಡುವ ಮೊದಲೇ ಆ ಲೆಕ್ಕ ಬರೆಸುವುದು ಹೇಗೆ?

ಬೆಂಗಳೂರಿನ ಗಾಂಧಿನಗರದಲ್ಲಿ 1968ರಲ್ಲಿ ಬಾಗಿಲು ತೆರೆದ ಕಪಾಲಿ ಚಿತ್ರಮಂದಿರದಲ್ಲಿ ಸಾವಿರದ ನಾನೂರಕ್ಕೂ ಹೆಚ್ಚು ಆಸನಗಳಿದ್ದವು. ಅಷ್ಟು ಜನ ಒಂದೊಂದು ಆಟಕ್ಕೆ ಒಳಗೆ ಹೋಗಿ ಹೊರಗೆ ಬರುವಾಗ ಸುತ್ತಲಿನ ಹೋಟೆಲು, ಲಾಡ್ಜು, ಬೀಡಾ ಅಂಗಡಿ, ಜ್ಯೂಸ್ ಅಂಗಡಿಗಳ ವ್ಯಾಪಾರವೂ ಅದೇ ಹೊತ್ತಿಗೆ ಏರಿ ಇಳಿಯುತ್ತಿತ್ತು. 2017ರಲ್ಲಿ ಪ್ರದರ್ಶನ ನಿಂತಿತು. ಚಿತ್ರಮಂದಿರ ಕೆಡವಿ, ಬಹುಮಹಡಿ ವಾಣಿಜ್ಯ ಸಂಕೀರ್ಣಕ್ಕಾಗಿ ಆಳವಾದ ಗುಂಡಿ ತೋಡಿದರು. 2020ರ ಜುಲೈ ಕೊನೆಯಲ್ಲಿ ಒಂದು ರಾತ್ರಿ, ಆ ಗುಂಡಿಯ ಅಂಚಿನಲ್ಲಿದ್ದ, ಲಾಡ್ಜ್ ನಡೆಯುತ್ತಿದ್ದ ನಾಲ್ಕಂತಸ್ತಿನ ಕಟ್ಟಡ ಕುಸಿದುಬಿತ್ತು. ಪುಣ್ಯಕ್ಕೆ ಪ್ರಾಣಹಾನಿ ಆಗಲಿಲ್ಲ.

ಗಾಂಧಿನಗರವೂ ಸೇರಿದ ಇದೇ ಮೆಜೆಸ್ಟಿಕ್ ಪ್ರದೇಶ ಇದಕ್ಕಿಂತ ಘೋರವಾದದ್ದನ್ನು ಕಂಡಿದೆ. 1983ರ ಸೆಪ್ಟೆಂಬರ್‌ನಲ್ಲಿ ನಿರ್ಮಾಣ ಹಂತದಲ್ಲಿದ್ದ ಗಂಗಾರಾಂ ಕಟ್ಟಡ ಕುಸಿದು 120ಕ್ಕೂ ಹೆಚ್ಚು ಮಂದಿ ಸತ್ತರು. ಅಂಥ ದುರಂತ ನಡೆದಾಗ ಸುದ್ದಿಯಾಗುತ್ತದೆ, ತನಿಖೆಯಾಗುತ್ತದೆ. ಆದರೆ ಕಟ್ಟಡ ಕುಸಿಯದೆಯೂ ಅಂಗಡಿ ಮುಳುಗಬಹುದು. ಗೋಡೆಯಲ್ಲಿ ಬಿರುಕು, ಎದುರಿಗೆ ತಗಡಿನ ಬೇಲಿ, ಮೂರು ವರ್ಷ ಗಿರಾಕಿ ಇಲ್ಲ, ಬಾಡಿಗೆ ಮಾತ್ರ ತಿಂಗಳು ತಿಂಗಳು ಕಟ್ಟಲೇಬೇಕು. ಇದಕ್ಕೆ ತನಿಖೆಯೂ ಇಲ್ಲ, ಪರಿಹಾರವೂ ಇಲ್ಲ. ಬಹುಮಹಡಿ ಕಟ್ಟಡದ ಲಾಭ ಒಬ್ಬರಿಗೆ, ಅದನ್ನು ಕಟ್ಟುವ ಅವಧಿಯ ನಷ್ಟ ಪಕ್ಕದವರಿಗೆ ಎಂಬ ಈ ಏರ್ಪಾಡನ್ನು ನಾವು ಸಹಜವೆಂದು ಒಪ್ಪಿಕೊಂಡಿದ್ದೇವೆ. ಒಪ್ಪಬೇಕಾಗಿಲ್ಲ.

ಮಣ್ಣು ಜರುಗುವ ಬಗೆ

ನಗರದ ನಡುಭಾಗದಲ್ಲಿ ಕಟ್ಟಡ ಎಷ್ಟು ಮೇಲಕ್ಕೆ ಹೋಗುತ್ತದೋ ಅದಕ್ಕೆ ತಕ್ಕಂತೆ ಕೆಳಕ್ಕೂ ಇಳಿಯುತ್ತದೆ. ಕಾರು ನಿಲ್ಲಿಸಲು ಜಾಗ ಕೊಡಲೇಬೇಕೆಂದು ನಿಯಮವಿದೆ, ನಿವೇಶನದಲ್ಲಿ ಬೇರೆ ಜಾಗವಿಲ್ಲ. ಹಾಗಾಗಿ ಎರಡು, ಮೂರು, ನಾಲ್ಕು ಹಂತದ ಬೇಸ್‌ಮೆಂಟ್. ಮೂರು ಹಂತವೆಂದರೆ ಮೂವತ್ತು ಅಡಿಗೂ ಮೀರಿದ ಆಳ.

ಪಕ್ಕದ ಹಳೆಯ ಕಟ್ಟಡದ ಪಾಯ ಎಷ್ಟು ಆಳದಲ್ಲಿದೆ? ಚಿಕ್ಕಪೇಟೆ, ಬಳೇಪೇಟೆ, ಅವೆನ್ಯೂ ರಸ್ತೆಯ ಹಳೆಯ ಕಟ್ಟಡಗಳು ಬಹುಪಾಲು ಸೈಜುಗಲ್ಲಿನ ಪಾಯದವು, ಗಾರೆ ಅಥವಾ ಮಣ್ಣಿನ ಗೋಡೆಯವು. ನಾಲ್ಕೈದು ಅಡಿ ಆಳದಲ್ಲಿ ಗಟ್ಟಿ ನೆಲ ಸಿಕ್ಕಿದರೆ ಅಂದಿನ ಮೇಸ್ತ್ರಿಗೆ ಸಾಕಾಗಿತ್ತು. ಪೇಟೆಯ ನಿವೇಶನಗಳು ರಸ್ತೆಗೆ ಹತ್ತು ಹನ್ನೆರಡು ಅಡಿ ಅಗಲ, ಒಳಕ್ಕೆ ಉದ್ದೋಉದ್ದ. ಎರಡು ಅಂಗಡಿಗಳ ನಡುವೆ ಒಂದೇ ಗೋಡೆ ಇರುವುದೂ ಉಂಟು. ಒಂದನ್ನು ಕೆಡವಿದರೆ ಇನ್ನೊಂದರ ಆಸರೆಯೇ ಹೋಗುತ್ತದೆ.

ಗುಂಡಿ ತೋಡಿದಾಗ ಅದುವರೆಗೆ ಎರಡೂ ಕಡೆಯಿಂದ ಒತ್ತಿಕೊಂಡು ನಿಂತಿದ್ದ ಮಣ್ಣಿಗೆ ಒಂದು ಕಡೆಯ ತಡೆ ಇಲ್ಲವಾಗುತ್ತದೆ. ಅದು ಗುಂಡಿಯ ಕಡೆಗೆ ಜರುಗುತ್ತದೆ, ಹಿಂದಿನ ನೆಲ ಕುಸಿಯುತ್ತದೆ. ಎರಡನೆಯದು ನೀರು. ಗುಂಡಿಯಲ್ಲಿ ಊಟೆ ಸಿಕ್ಕಿದರೆ ಹಗಲೂ ರಾತ್ರಿ ಪಂಪು ಹಚ್ಚಿ ನೀರು ಹೊರಹಾಕುತ್ತಾರೆ. ಆಗ ಸುತ್ತಲಿನ ಮಣ್ಣಿನ ತೇವ ಇಳಿದು, ಮಣ್ಣು ಅದುಮಿಕೊಂಡು, ಮೇಲಿರುವ ಕಟ್ಟಡ ಒಂದು ಮಗ್ಗುಲಿಗೆ ಕೂರುತ್ತದೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದೇ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಅಂಥ ಕಡೆ ಹೂಳಿನ ಮಣ್ಣು, ನೀರಿನ ಸೆಲೆ ಎರಡನ್ನೂ ನಿರೀಕ್ಷಿಸಿಯೇ ಕೆಲಸ ಮಾಡಬೇಕು. ಮೂರನೆಯದು ಬಂಡೆ. ಬೆಂಗಳೂರಿನ ನೆಲದಡಿ ಇರುವುದು ಲಾಲ್‌ಬಾಗ್ ಗುಡ್ಡದಲ್ಲಿ ಕಾಣುವಂಥ ಗಟ್ಟಿ ನೈಸ್ ಶಿಲೆ. ಅದನ್ನು ಬ್ರೇಕರ್ ಹಚ್ಚಿ ಒಡೆಯುವಾಗ ಅದುರು ಪಕ್ಕದ ಗೋಡೆಗಳಿಗೆ ನೇರವಾಗಿ ಸಾಗುತ್ತದೆ.

ಇದಕ್ಕೆಲ್ಲ ಎಂಜಿನಿಯರಿಂಗ್‌ನಲ್ಲಿ ಉತ್ತರವಿದೆ. ಗುಂಡಿ ತೋಡುವ ಮೊದಲೇ ಅಂಚಿನುದ್ದಕ್ಕೂ ಕಾಂಕ್ರೀಟ್ ಪೈಲ್‌ಗಳ ಸಾಲು ಇಳಿಸಬಹುದು, ನೆಲದೊಳಗೇ ಕಾಂಕ್ರೀಟ್ ಗೋಡೆ ಕಟ್ಟಬಹುದು, ಮಣ್ಣಿಗೆ ಕಬ್ಬಿಣದ ಸರಳು ಹೊಡೆದು ಮೇಲೆ ಕಾಂಕ್ರೀಟ್ ಸಿಂಪಡಿಸಬಹುದು. ಅಗೆತದ ಸುರಕ್ಷತೆಗೆ ಐಎಸ್ 3764 ಎಂಬ ಭಾರತೀಯ ಮಾನಕವೇ ಇದೆ. ಆದರೆ ಇವೆಲ್ಲಕ್ಕೂ ದುಡ್ಡು ಬೇಕು, ಸಮಯ ಬೇಕು. ಕಟ್ಟಡ ಮುಗಿದ ಮೇಲೆ ಕಣ್ಣಿಗೆ ಕಾಣದ ಖರ್ಚು ಇದು. ಉಳಿತಾಯ ಮಾಡಬೇಕೆಂದಾಗ ಮೊದಲು ಕತ್ತರಿ ಬೀಳುವುದು ಇಲ್ಲಿಯೇ.

ಅಂಗಡಿಯವನಿಗೆ ಮೊದಲ ಸುಳಿವು ಸಿಗುವುದು ಶೆಟರಿನಿಂದ. ನಿನ್ನೆವರೆಗೆ ಒಂದೇ ಎಳೆತಕ್ಕೆ ಇಳಿಯುತ್ತಿದ್ದ ಶೆಟರು ಇವತ್ತು ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಕಿಟಕಿಯ ಮೂಲೆಯಿಂದ ಓರೆಯಾಗಿ ಕೂದಲೆಳೆಯಂಥ ಗೀರು. ಅದು ಬರೀ ಗಾರೆಯ ಬಿರುಕೋ ಗೋಡೆಯೇ ಜರುಗುತ್ತಿದೆಯೋ ತಿಳಿಯಲು ಎಂಜಿನಿಯರುಗಳು ಬಳಸುವ ಸರಳ ಉಪಾಯವೊಂದಿದೆ. ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಪ್ಲಾಸ್ಟರ್ ಮೆತ್ತಿ, ಪಕ್ಕದಲ್ಲಿ ತಾರೀಖು ಬರೆಯುತ್ತಾರೆ. ಗಾಜು ಹಾಗೇ ಉಳಿದರೆ ಬಿರುಕು ನಿಂತಿದೆ ಎಂದರ್ಥ. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ. ಕೆಲವೇ ರೂಪಾಯಿಯ ಈ ಗಾಜು, ತಾರೀಖಿನ ಸಮೇತ ತೆಗೆದ ಅದರ ಫೋಟೊ, ಮುಂದೆ ನ್ಯಾಯಾಲಯದಲ್ಲಿ ದೊಡ್ಡ ಸಾಕ್ಷಿಯಾಗಬಲ್ಲದು.

ಗಲ್ಲಾಪೆಟ್ಟಿಗೆಯ ಬಿರುಕು

ಗೋಡೆ ಗಟ್ಟಿಯಾಗಿ ನಿಂತರೂ ವ್ಯಾಪಾರ ಉಳಿಯುತ್ತದೆಂಬ ಖಾತ್ರಿಯಿಲ್ಲ. ಕೆಲಸ ಶುರುವಾದ ದಿನವೇ ಇಪ್ಪತ್ತಡಿ ಎತ್ತರದ ತಗಡಿನ ಬೇಲಿ ಏಳುತ್ತದೆ. ಅದು ಪಾದಚಾರಿ ಮಾರ್ಗವನ್ನು ನುಂಗುತ್ತದೆ, ಪಕ್ಕದ ಅಂಗಡಿಯ ಬೋರ್ಡನ್ನೂ ಮರೆಮಾಡುತ್ತದೆ. ಜನ ಎದುರು ಬದಿಯಲ್ಲಿ ನಡೆಯತೊಡಗುತ್ತಾರೆ. ಹಳೆಯ ಅಂಗಡಿಗಳ ಜೀವಾಳವೇ ಕಾಲ್ನಡಿಗೆಯ ಗಿರಾಕಿ. ಜಾಹೀರಾತು ಕೊಟ್ಟು ಜನರನ್ನು ಕರೆಸುವ ಪದ್ಧತಿ ಅವಕ್ಕಿಲ್ಲ. ಹಾದಿಯಲ್ಲಿ ಹೋಗುವಾಗ ಕಣ್ಣಿಗೆ ಬೀಳಬೇಕು, ಹತ್ತಿ ಒಳಗೆ ಬರುವಂತಿರಬೇಕು. ಟಿಪ್ಪರು, ರೆಡಿಮಿಕ್ಸ್ ಲಾರಿ ನಿಂತ ಜಾಗದಲ್ಲಿ ಸ್ಕೂಟರು ನಿಲ್ಲಿಸಲಾಗದೆ ಗಿರಾಕಿ ಮುಂದಿನ ಬೀದಿಗೆ ಹೋಗುತ್ತಾನೆ. ಎರಡು ಮೂರು ವರ್ಷ ಹಾಗೆ ಹೋದವನಿಗೆ ಅಲ್ಲಿಯೇ ರೂಢಿಯಾಗುತ್ತದೆ. ತಗಡು ತೆಗೆದ ಮೇಲೂ ಅವನು ತಿರುಗಿ ಬರುವುದಿಲ್ಲ.

ಧೂಳಿನ ಹೊಡೆತ ಎಲ್ಲರಿಗೂ ಒಂದೇ ಅಲ್ಲ. ಚಿಕ್ಕಪೇಟೆಯ ಎಷ್ಟೋ ಸೀರೆ ಅಂಗಡಿಗಳಲ್ಲಿ ಇಂದಿಗೂ ಬಿಳಿ ಗಾದಿಯ ಮೇಲೆ ಕೂತು ಸೀರೆ ಹರಡಿ ತೋರಿಸುತ್ತಾರೆ. ಸಿಮೆಂಟಿನ ನವಿರು ಪುಡಿ ಗಾದಿಯ ಮೇಲೆ ಕೂತರೆ ರೇಷ್ಮೆಯ ಮಡಿಕೆಯೊಳಕ್ಕೂ ಇಳಿಯುತ್ತದೆ. ಒಮ್ಮೆ ಮಬ್ಬಾದ ತಿಳಿ ಬಣ್ಣದ ಸೀರೆಯನ್ನು ಪೂರ್ತಿ ಬೆಲೆಗೆ ಮಾರಲಾಗದು. ಬೆಳಕೂ ಹಾಗೆಯೇ. ಮದುವೆ ಸೀರೆ ಕೊಳ್ಳುವವರು ಸೀರೆಯನ್ನು ಬಾಗಿಲ ಬಳಿಗೆ ತಂದು ಹಗಲು ಬೆಳಕಿನಲ್ಲಿ ಬಣ್ಣ ನೋಡುತ್ತಾರೆ. ಗಡಿಯಾರ ರಿಪೇರಿಯವರಿಗೆ, ಚಿನ್ನಬೆಳ್ಳಿ ಕೆಲಸದವರಿಗೆ ಬೆಳಕೇ ಅರ್ಧ ಬಂಡವಾಳ. ಪಕ್ಕದಲ್ಲಿ ಹತ್ತು ಹದಿನೈದು ಅಂತಸ್ತು ಎದ್ದರೆ ಅವರಿಗೆ ಹಗಲೆಲ್ಲ ದೀಪ ಉರಿಸಬೇಕಾದ ಸ್ಥಿತಿ.

ಕಾಲದ ಪೆಟ್ಟು ಇನ್ನೊಂದು. ಜವಳಿ, ಪಾತ್ರೆ, ಆಭರಣದ ಅಂಗಡಿಗಳಿಗೆ ವರಮಹಾಲಕ್ಷ್ಮಿಯಿಂದ ದೀಪಾವಳಿವರೆಗಿನ ತಿಂಗಳುಗಳು, ಆಮೇಲೆ ಮದುವೆ ಮುಹೂರ್ತದ ದಿನಗಳು, ಇಷ್ಟೇ ಸುಗ್ಗಿ. ಉಳಿದ ದಿನಗಳ ಬಾಡಿಗೆ, ಸಂಬಳ, ಬಡ್ಡಿ ಈ ಸುಗ್ಗಿಯಿಂದಲೇ ಹೊರಡಬೇಕು. ಕಾಂಕ್ರೀಟ್ ಹಾಕುವ ಕೆಲಸ ಆ ಹೊತ್ತಿಗೇ ಬಂದರೆ ಬೋಣಿಯಾಗದೆ ಕಳೆಯುವ ದಿನಗಳೂ ಬರುತ್ತವೆ. ನಷ್ಟವನ್ನು ತಿಂಗಳ ಸರಾಸರಿಯಲ್ಲಿ ಅಳೆದರೆ ಈ ಪೆಟ್ಟು ಕಾಣುವುದೇ ಇಲ್ಲ.

ಕಾನೂನು ಯಾರ ಬೆನ್ನಿಗಿದೆ?

ನಮ್ಮಲ್ಲಿ ಬಹಳ ಅಂಗಡಿಯವರಿಗೆ ತಿಳಿಯದ ಒಂದು ಸಂಗತಿ ಇದೆ. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆ ಅವರ ಪರವಾಗಿಯೇ ಮಾತಾಡುತ್ತದೆ. ಪಕ್ಕದ ನೆಲ ನಮ್ಮ ನೆಲಕ್ಕೆ ಕೊಡುವ ಸಹಜ ಆಸರೆ ನಮ್ಮ ಹಕ್ಕು. ಆ ನೆಲದ ಮೇಲೆ ಕಟ್ಟಡವಿದ್ದು, 20 ವರ್ಷ ಅಡೆತಡೆಯಿಲ್ಲದೆ ಪಕ್ಕದ ನೆಲದ ಆಸರೆ ಪಡೆದಿದ್ದರೆ, 15ನೇ ಕಲಮಿನ ಪ್ರಕಾರ ಕಟ್ಟಡದ ಭಾರಕ್ಕೂ ಆ ಆಸರೆಯ ಹಕ್ಕು ಬರುತ್ತದೆ. ಗಾಳಿ ಬೆಳಕಿಗೂ ಇದೇ 20 ವರ್ಷದ ನಿಯಮ. ಹಳೆಯ ಅಂಗಡಿಗಳ ವಯಸ್ಸೇ ಇಲ್ಲಿ ಅವುಗಳ ಬಲ.

33ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಇಂಥ ಹಕ್ಕಿಗೆ ಭಂಗವಾಗಿ ಗಣನೀಯ ಹಾನಿಯಾದರೆ ಮಾಲೀಕ ಮಾತ್ರವಲ್ಲ, ಕಟ್ಟಡದ ಸ್ವಾಧೀನದಲ್ಲಿರುವವನೂ ಪರಿಹಾರಕ್ಕೆ ದಾವೆ ಹೂಡಬಹುದು. ಬೆಳಕಿನ ವಿಷಯದಲ್ಲಂತೂ, ಮೊದಲಿನಷ್ಟು ಲಾಭಕರವಾಗಿ ತನ್ನ ರೂಢಿಯ ವ್ಯವಹಾರ ನಡೆಸಲಾಗದಂತಾದರೆ ಅದೂ ಗಣನೀಯ ಹಾನಿಯೇ ಎಂದು ಕಾಯ್ದೆ ಬಿಡಿಸಿ ಹೇಳಿದೆ.

ತೊಡಕಿರುವುದು 34ನೇ ಕಲಮಿನಲ್ಲಿ. ಆಸರೆ ತೆಗೆದ ಮಾತ್ರಕ್ಕೆ ಪರಿಹಾರ ಕೇಳುವಂತಿಲ್ಲ, ನಿಜವಾಗಿ ಹಾನಿ ಆದ ಮೇಲೆಯೇ ಕೇಳಬೇಕು. ಅಂದರೆ ಪರಿಹಾರದ ಬಾಗಿಲು ತೆರೆಯುವುದು ಗೋಡೆ ಬಿರಿದ ನಂತರ. ಮುಂಚಿತವಾಗಿ ತಡೆಯಾಜ್ಞೆ ಕೇಳಲು 35ನೇ ಕಲಮು ಅವಕಾಶ ಕೊಟ್ಟಿದೆ. ಆದರೆ ಅಪಾಯ ಖಂಡಿತ ಎಂದು ತೋರಿಸಲು ಗುಂಡಿಯ ನಕ್ಷೆ ಬೇಕು, ಮಣ್ಣಿನ ವರದಿ ಬೇಕು, ಎಂಜಿನಿಯರ್ ಬೇಕು. ನಕ್ಷೆ, ವರದಿ ಎರಡೂ ಇರುವುದು ಎದುರಾಳಿಯ ಕೈಯಲ್ಲಿ.

ಬಾಡಿಗೆದಾರನ ಇಕ್ಕಟ್ಟು

ನಗರದ ನಡುಭಾಗದ ಹಳೆಯ ವ್ಯಾಪಾರಸ್ಥರಲ್ಲಿ ಅನೇಕರು ಬಾಡಿಗೆದಾರರು. ತಾತನ ಕಾಲದಿಂದ ಅದೇ ಮಳಿಗೆಯಲ್ಲಿ ಇರುವವರೂ ಕಾಗದದಲ್ಲಿ ಬಾಡಿಗೆದಾರರೇ. 2001ರ ಕೊನೆಯ ದಿನದಿಂದ ಜಾರಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ ವಾಣಿಜ್ಯ ಮಳಿಗೆಗಳ ಪೈಕಿ 14 ಚದರ ಮೀಟರ್ ಮೀರದವಕ್ಕೆ ಮಾತ್ರ ರಕ್ಷಣೆ ಉಳಿಸಿತು. ಅಂದರೆ ಸುಮಾರು 150 ಚದರ ಅಡಿ. ಪೆಟ್ಟಿಗೆ ಅಂಗಡಿಗೆ ರಕ್ಷಣೆ ಉಂಟು, ಅದಕ್ಕಿಂತ ಸ್ವಲ್ಪ ದೊಡ್ಡದಾದ ಹೋಟೆಲಿಗೆ, ಪುಸ್ತಕದಂಗಡಿಗೆ ಇಲ್ಲ. ಅವರು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಅಡಿ ಬರುತ್ತಾರೆ. ಚಾಲ್ತಿಯಲ್ಲಿರುವ ಕರಾರು ಇಲ್ಲದೆ ತಿಂಗಳ ಬಾಡಿಗೆ ಲೆಕ್ಕದಲ್ಲಿದ್ದರೆ 15 ದಿನದ ನೋಟಿಸು ಸಾಕು. ಐವತ್ತು ವರ್ಷದ ವ್ಯಾಪಾರ, ಹದಿನೈದು ದಿನದ ಗಡುವು.

ಪಕ್ಕದಲ್ಲಿ ಬಹುಮಹಡಿ ಏಳುತ್ತಿದ್ದಂತೆ ಮಾಲೀಕನ ಲೆಕ್ಕಾಚಾರವೂ ಬದಲಾಗುತ್ತದೆ. ಎಫ್‌ಎಆರ್ (ನಿವೇಶನದ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದೆಂಬ ಅನುಪಾತ) ಮೂರು ಇದ್ದರೆ ಹತ್ತು ಸಾವಿರ ಚದರ ಅಡಿ ನಿವೇಶನದಲ್ಲಿ ಮೂವತ್ತು ಸಾವಿರ ಚದರ ಅಡಿ ಕಟ್ಟಬಹುದು. ಹೀಗಿರುವಾಗ ಒಂದಂತಸ್ತಿನ ಹಳೆಯ ಮಳಿಗೆಗಳ ಸಾಲು ಮಾಲೀಕನ ಕಣ್ಣಿಗೆ ಖಾಲಿ ಜಾಗದಂತೆ ಕಾಣತೊಡಗುತ್ತದೆ. ಅಂಥ ಹೊತ್ತಿನಲ್ಲಿ ಬಿರುಕು ಬಿಟ್ಟ ಗೋಡೆಯನ್ನು ಅವನು ರಿಪೇರಿ ಮಾಡಿಸುತ್ತಾನೆಂದು ನಂಬುವುದು ಕಷ್ಟ. ಕಟ್ಟಡ ಅಪಾಯಕಾರಿ ಎಂದು ಪಾಲಿಕೆಯೇ ಕೆಡವಿಸಿದರೆ ಬಾಡಿಗೆದಾರ ತಾನಾಗಿಯೇ ಹೋಗುತ್ತಾನಲ್ಲ ಎಂಬ ಎಣಿಕೆಯೂ ಉಂಟು. ಇದಕ್ಕೆ ಸುಪ್ರೀಂ ಕೋರ್ಟ್ 2014ರಲ್ಲಿ, ಶಹಾ ರತನ್ಸಿ ಖೀಮ್ಜಿ ಪ್ರಕರಣದಲ್ಲಿ ಉತ್ತರ ಕೊಟ್ಟಿದೆ. ಪಾಲಿಕೆ ಕಟ್ಟಡ ಕೆಡವಿದ ಮಾತ್ರಕ್ಕೆ ಬಾಡಿಗೆ ಹಕ್ಕು ಅಳಿಯುವುದಿಲ್ಲ, ಅದು ನೆಲಕ್ಕೂ ಅಂಟಿಕೊಂಡಿದೆ ಎಂಬುದು ಆ ತೀರ್ಪಿನ ಸಾರ. ಬಾಡಿಗೆದಾರರು ಇದನ್ನು ತಿಳಿದಿರಬೇಕು.

ವಿಮೆ ಮಾಡಿಸಿದ್ದೇವೆ ಎಂದು ನೆಮ್ಮದಿಯಿಂದ ಇರುವವರು ಪಾಲಿಸಿಯನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು. ಸಾಮಾನ್ಯ ಬೆಂಕಿ ವಿಮೆಯಲ್ಲಿ ನೆಲ ಕುಸಿತಕ್ಕೆ ರಕ್ಷಣೆ ಇರುತ್ತದೆ. ಆದರೆ ಕೆಡವುವಿಕೆ, ನಿರ್ಮಾಣ, ಅಗೆತದಿಂದ ಆದ ಕುಸಿತವನ್ನು ಅದೇ ಷರತ್ತು ಹೊರಗಿಟ್ಟಿರುತ್ತದೆ. ಕಟ್ಟುವವರ ಗುತ್ತಿಗೆ ವಿಮೆಯಲ್ಲಿ ಅದುರಿನಿಂದ, ಆಸರೆ ಸಡಿಲವಾಗಿದ್ದರಿಂದ ನೆರೆಯವರಿಗೆ ಆಗುವ ಹಾನಿಗೆ ಸಾಮಾನ್ಯವಾಗಿ ಪ್ರತ್ಯೇಕ ಕಂತು ಕಟ್ಟಿ ರಕ್ಷಣೆ ಸೇರಿಸಿಕೊಳ್ಳಬೇಕು. ಸೇರಿಸದಿದ್ದರೆ ಎರಡೂ ಪಾಲಿಸಿಗಳ ನಡುವೆ ಹಳೆಯ ಅಂಗಡಿ ಬರಿಗೈಯಲ್ಲಿ ನಿಲ್ಲುತ್ತದೆ.

ಪಾದಚಾರಿ ಮಾರ್ಗದ ಹೂವಾಡಗಿತ್ತಿ, ಎಳನೀರಿನವನು, ಚಪ್ಪಲಿ ಹೊಲಿಯುವವನು ಈ ಬಾಡಿಗೆದಾರರಿಗಿಂತಲೂ ಬಡವರು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪ್ರಮಾಣಪತ್ರ ಇರುವವರನ್ನು ಎಬ್ಬಿಸಲು ಸ್ಥಳೀಯ ಸಂಸ್ಥೆ 30 ದಿನದ ನೋಟಿಸು ಕೊಡಬೇಕು. ತಗಡಿನ ಬೇಲಿ ನೋಟಿಸು ಕೊಟ್ಟು ಏಳುವುದಿಲ್ಲ.

ಎತ್ತರ ಬೇಡವೆಂದಲ್ಲ

ನಗರದ ನಡುವೆ ಬಹುಮಹಡಿ ಕಟ್ಟಡಗಳೇ ಕೂಡದು ಎಂದು ನಾನು ಹೇಳಲಾರೆ. ಮೆಟ್ರೊದ ನೇರಳೆ, ಹಸಿರು ಮಾರ್ಗಗಳು ಕೂಡುವುದೇ ಮೆಜೆಸ್ಟಿಕ್‌ನಲ್ಲಿ. ರೈಲು, ಬಸ್ಸು, ಮೆಟ್ರೊ ಮೂರೂ ಇರುವ ಜಾಗದಲ್ಲಿ ಹೆಚ್ಚು ಜನ ಕೆಲಸ ಮಾಡುವುದು, ವಾಸಿಸುವುದು ನಗರಕ್ಕೆ ಒಳ್ಳೆಯದೇ. ಹೊರವಲಯದ ಕೆರೆ, ಹೊಲಗಳನ್ನು ನುಂಗಿ ಬೆಳೆಯುವುದಕ್ಕಿಂತ ಇದು ಮೇಲು. ಸಾವಿರ ಜನರ ಕಚೇರಿ ಬಂದರೆ ಪಕ್ಕದ ದರ್ಶಿನಿಗೆ, ಜೆರಾಕ್ಸ್ ಅಂಗಡಿಗೆ, ಔಷಧಿ ಅಂಗಡಿಗೆ ವ್ಯಾಪಾರ ಹೆಚ್ಚುತ್ತದೆ. ಆದರೆ ಆ ಒಳ್ಳೆಯ ದಿನ ಬರುವವರೆಗೆ ಅಂಗಡಿ ಉಳಿದಿರಬೇಕಲ್ಲ?

ಕಟ್ಟಡದ ನೆಲಮಟ್ಟ ಹೇಗಿದೆ ಎಂಬುದರ ಮೇಲೂ ಬಹಳ ನಿಂತಿದೆ. ರಸ್ತೆಗೆ ಮುಖ ಮಾಡಿ ಅಂಗಡಿ ಸಾಲು ಇದ್ದರೆ ಇಡೀ ಬೀದಿಯ ಓಡಾಟ ಹೆಚ್ಚುತ್ತದೆ. ಎತ್ತರದ ಕಾಂಪೌಂಡು, ಕಾರಿನ ಇಳಿಜಾರು, ಸೆಕ್ಯುರಿಟಿ ಗೇಟು ಇದ್ದರೆ ಒಳಗಿನವರು ಕಾರಿನಲ್ಲಿ ಬಂದು ಕಾರಿನಲ್ಲಿಯೇ ಹೋಗುತ್ತಾರೆ, ಊಟವೂ ಒಳಗಿನ ಫುಡ್‌ಕೋರ್ಟಿನಲ್ಲಿ. ಆಗ ಪಕ್ಕದ ಬೀದಿಗೆ ಸಿಗುವುದು ದಟ್ಟಣೆ ಮಾತ್ರ.

ಹಳೆಯ ಅಂಗಡಿ ಉಳಿಯುವುದು ಹಳೆಯ ನೆನಪಿನ ಮಾತಷ್ಟೇ ಆಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಕಡಿಮೆ ಬಾಡಿಗೆಯ ಮಳಿಗೆಯಲ್ಲಿ ಮಾತ್ರ ಕೊಡೆ ರಿಪೇರಿ, ಹಾರ್ಮೋನಿಯಂ ಶ್ರುತಿ ಮಾಡುವ ಕೆಲಸ, ಸೆಕೆಂಡ್‌ಹ್ಯಾಂಡ್ ಪಠ್ಯಪುಸ್ತಕದ ಮಾರಾಟ ನಡೆಯುತ್ತವೆ. ಹೊಸ ಸಂಕೀರ್ಣದ ಬಾಡಿಗೆ ಕೊಟ್ಟು ಈ ಕಸುಬು ಯಾರೂ ಮಾಡಲಾರರು. ಊರಿನಿಂದ ಬಸ್ಸಿಳಿದು ಬರುವ ಬಡ ವಿದ್ಯಾರ್ಥಿಗೆ ಬೇಕಾಗಿರುವುದೂ ಇವೇ. ಇವು ಹೋದರೆ ನಗರದ ನಡುಭಾಗ ದುಡ್ಡಿದ್ದವರಿಗಷ್ಟೇ ಉಪಯೋಗಕ್ಕೆ ಬರುತ್ತದೆ.

ಅಗೆಯುವ ಮೊದಲೇ ಬರೆಯಿರಿ

ಬೇರೆ ನಗರಗಳು ಇದಕ್ಕೆ ದಾರಿ ಹುಡುಕಿಕೊಂಡಿವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1996ರ ಜಂಟಿ ಗೋಡೆ ಕಾಯ್ದೆಯ ಪ್ರಕಾರ, ನೆರೆಯ ಕಟ್ಟಡದಿಂದ ಮೂರು ಮೀಟರ್ ಒಳಗೆ ಅದರ ಪಾಯಕ್ಕಿಂತ ಆಳ ಅಗೆಯುವವರು ಒಂದು ತಿಂಗಳು ಮೊದಲೇ ನೋಟಿಸು ಕೊಡಬೇಕು. ನೆರೆಯವರು ಒಪ್ಪದಿದ್ದರೆ ಸರ್ವೇಯರ್‌ಗಳು ನಡುವೆ ಬಂದು ಕೆಲಸದ ಷರತ್ತು ನಿರ್ಧರಿಸುತ್ತಾರೆ. ಕೆಲಸಕ್ಕೆ ಮೊದಲು ನೆರೆಕಟ್ಟಡದ ಸ್ಥಿತಿಯನ್ನು ಫೋಟೊ ಸಮೇತ ದಾಖಲಿಸುವುದು ಅಲ್ಲಿ ರೂಢಿ. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ನಗರ 2015ರಲ್ಲಿ ಮತದಾನದ ಮೂಲಕ, 30 ವರ್ಷಕ್ಕೂ ಹಳೆಯದಾದ ಪರಂಪರೆಯ ವ್ಯಾಪಾರಗಳಿಗೆ ನೆರವಿನ ನಿಧಿ ಸ್ಥಾಪಿಸಿತು. ಅವರಿಗೆ ಹತ್ತು ವರ್ಷದ ಕರಾರು ಮಾಡಿಕೊಡುವ ಮಾಲೀಕರಿಗೂ ಅದರಿಂದ ಅನುದಾನ ಸಿಗುವಂತೆ ಮಾಡಿತು.

ಬೆಂಗಳೂರಿಗೆ ಇದು ತಕ್ಕ ಕಾಲ. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದಿವೆ. ನಗರದ ಹೃದಯಭಾಗಕ್ಕೇ ಒಂದು ಕೇಂದ್ರ ಪಾಲಿಕೆ ಇದೆ. ಅದು ಮಾಡಬೇಕಾದ ಕೆಲಸಗಳು ದುಬಾರಿಯವಲ್ಲ.

ಮೊದಲನೆಯದು, ಕಾಮಗಾರಿ ಆರಂಭಿಸಲು ಅನುಮತಿ ಕೊಡುವ ಮುನ್ನ ಸುತ್ತಲಿನ ಕಟ್ಟಡಗಳ ಸ್ಥಿತಿ ವರದಿ ಕಡ್ಡಾಯವಾಗಲಿ. ಅದರ ಪ್ರತಿ ಮಾಲೀಕನಿಗೂ ಬಾಡಿಗೆದಾರನಿಗೂ ಸಿಗಲಿ. ಎರಡನೆಯದು, ಗುಂಡಿಯ ಅಂಚು ಹಿಡಿದಿಡುವ ವಿನ್ಯಾಸವನ್ನು ಬಿಲ್ಡರ್‌ಗೆ ಸಂಬಂಧವಿಲ್ಲದ ಎಂಜಿನಿಯರ್ ಪರಿಶೀಲಿಸಲಿ. ನೆಲ ಎಷ್ಟು ಜರುಗಿದೆ ಎಂಬ ವಾರದ ಅಳತೆಯನ್ನು ಗೇಟಿನ ಬೋರ್ಡಿನಲ್ಲಿ ಕನ್ನಡದಲ್ಲಿ ಬರೆಯಲಿ. ಮೂರನೆಯದು, ನೆರೆಹಾನಿಗೆ ರಕ್ಷಣೆ ಸೇರಿಸಿದ ವಿಮೆ, ಜೊತೆಗೆ ಒಂದಿಷ್ಟು ಠೇವಣಿ ಇಲ್ಲದೆ ಯಂತ್ರ ಒಳಗೆ ಬರಬಾರದು. ನಾಲ್ಕನೆಯದು, ಬೇಲಿಯ ಹೊರಗೆ ತಲೆಯ ಮೇಲೆ ಚಾವಣಿ ಇರುವ ನಡಿಗೆಯ ಹಾದಿ, ಅದರ ಮೇಲೆ ಪಕ್ಕದ ಅಂಗಡಿಗಳ ಹೆಸರು, ಹಬ್ಬದ ವಾರಗಳಲ್ಲಿ ಅದುರಿನ ಕೆಲಸಕ್ಕೆ ಬಿಡುವು. ಐದನೆಯದು, ನೆರೆಯವರ ದೂರುಗಳು ಇತ್ಯರ್ಥವಾಗದೆ ಹೊಸ ಕಟ್ಟಡಕ್ಕೆ ಸ್ವಾಧೀನಾನುಭವ ಪತ್ರ (ಓಸಿ) ಕೊಡಬಾರದು. ಬಿಲ್ಡರ್‌ಗೆ ನಿಜವಾಗಿ ತುರ್ತಾಗಿ ಬೇಕಾಗುವ ಕಾಗದ ಅದೊಂದೇ, ಹಾಗಾಗಿ ಪಾಲಿಕೆಯ ಕೈಯಲ್ಲಿರುವ ಬಿಗಿಯಾದ ಹಿಡಿತವೂ ಅದೇ.

ಅಂಗಡಿಯವರೂ ಕೈಕಟ್ಟಿ ಕೂರಬೇಕಾಗಿಲ್ಲ. ಪಕ್ಕದ ಕಟ್ಟಡ ಕೆಡವಲು ಆರಂಭಿಸಿದ ದಿನವೇ ನಿಮ್ಮ ಗೋಡೆ, ನೆಲ, ಚಾವಣಿಯ ಫೋಟೊ ತೆಗೆಯಿರಿ. 20 ವರ್ಷದ ಹಿಂದಿನ ಕರೆಂಟ್ ಬಿಲ್ಲು, ಟ್ರೇಡ್ ಲೈಸೆನ್ಸು, ಬಾಡಿಗೆ ರಸೀದಿ ಹುಡುಕಿ ಇಡಿ. ಬಿರುಕು ಕಂಡರೆ ಬಾಯಿಮಾತಿನಲ್ಲಿ ಬಿಡದೆ ಬಿಲ್ಡರ್‌ಗೆ, ಮಾಲೀಕನಿಗೆ, ಪಾಲಿಕೆಗೆ ರಿಜಿಸ್ಟರ್ಡ್ ಪತ್ರ ಬರೆಯಿರಿ. ಹಿಂದಿನ ವರ್ಷಗಳ ಹಬ್ಬದ ವ್ಯಾಪಾರದ ಲೆಕ್ಕವನ್ನು ಜೋಪಾನ ಮಾಡಿ. ಒಬ್ಬೊಬ್ಬರೇ ವಕೀಲರನ್ನು ಹಿಡಿಯುವುದಕ್ಕಿಂತ ಬೀದಿಯವರೆಲ್ಲ ಸೇರಿ ಒಬ್ಬ ಎಂಜಿನಿಯರ್‌ನನ್ನು ಹಿಡಿಯಿರಿ.

ನಗರ ಬೆಳೆಯುವುದಕ್ಕೆ ತಗಲುವ ವೆಚ್ಚವನ್ನು ಯಾರಾದರೂ ಭರಿಸಲೇಬೇಕು. ಸದ್ಯ ಅದನ್ನು ಭರಿಸುತ್ತಿರುವವರು ಹಿಸ್ಸೆ ಇಲ್ಲದವರು, ಲಾಭದಲ್ಲಿ ಪಾಲಿಲ್ಲದವರು. ಬಹುಮಹಡಿ ಕಟ್ಟಡದ ಅಂದಾಜು ಪಟ್ಟಿಯಲ್ಲಿ ಉಕ್ಕು, ಸಿಮೆಂಟು, ಲಿಫ್ಟಿಗೆ ಸಾಲುಗಳಿರುವಂತೆ ನೆರೆಯವರಿಗೂ ಒಂದು ಸಾಲು ಇರಲಿ. ಕೋಟಿಗಟ್ಟಲೆಯ ಯೋಜನೆಗೆ ಅದು ಹೊರೆಯಾಗದು, ಪಕ್ಕದ ಅಂಗಡಿಗೆ ಮಾತ್ರ ಅದೇ ಬದುಕು. ಆ ಸಾಲನ್ನು ಕಡ್ಡಾಯ ಮಾಡುವ ಅಧಿಕಾರ ಸರ್ಕಾರಕ್ಕಿದೆ, ಕೇಳುವ ಹಕ್ಕು ನಮಗಿದೆ.